ಧ್ಯಾನದಲ್ಲಿ ಕಂಡ ಬೆಳಕು ಆತ್ಮವೇ?

ಪ್ರಶ್ನೆ: ನಾಲ್ಕು ವರ್ಷಗಳಿಂದ ದಿನವೂ ಬೆಳಿಗ್ಗೆ ಮುಕ್ಕಾಲು ಗಂಟೆ ಆಸನ, ಪ್ರಾಣಾಯಾಮ, ಆಮೇಲೆ ಅರ್ಧ ಗಂಟೆ ಧ್ಯಾನ ಮಾಡುತ್ತಿದ್ದೇನೆ. ಬೆನ್ನುನೋವು ಹೋಗಿದೆ, ರಾತ್ರಿ ನಿದ್ದೆಯೂ ಚೆನ್ನಾಗಿ ಬರುತ್ತದೆ. ಆದರೆ ನಾನು ಇದನ್ನು ಶುರು ಮಾಡಿದ್ದು ಅದಕ್ಕಲ್ಲ, ‘ನಾನು ಯಾರು’ ಎಂದು ತಿಳಿಯಬೇಕೆಂದು. ಹೋದ ವರ್ಷ ಕೆಲವು ದಿನ ಹುಬ್ಬುಗಳ ನಡುವೆ ನೀಲಿ ಬೆಳಕು ಕಾಣುತ್ತಿತ್ತು. ಮೈಯೇ ಇಲ್ಲವೇನೋ ಎನ್ನುವಂಥ ಆನಂದ. ಈಗ ಅದು ನಿಂತುಹೋಗಿದೆ. ಕೂತರೆ ಒಂದೋ ಯೋಚನೆಗಳ ಸಂತೆ, ಇಲ್ಲವೇ ಎಲ್ಲ ಖಾಲಿ, ಅಲಾರಂ ಹೊಡೆದಾಗಲೇ ಎಚ್ಚರ. ಮನೆಯಲ್ಲಿ ಸಿಟ್ಟು ಮೊದಲಿನಂತೆಯೇ ಬರುತ್ತದೆ. ‘ಇಷ್ಟು ವರ್ಷ ಧ್ಯಾನ ಮಾಡಿ ಏನು ಬಂತು?’ ಎಂದು ಮಗಳೇ ಕೇಳಿಬಿಟ್ಟಳು. ನಾನು ತಪ್ಪಿದ್ದೆಲ್ಲಿ? ಆ ಬೆಳಕನ್ನು ಮತ್ತೆ ತಂದುಕೊಳ್ಳುವುದು ಹೇಗೆ? ಆತ್ಮಜ್ಞಾನಕ್ಕೆ ಇನ್ನೆಷ್ಟು ವರ್ಷ ಬೇಕು?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ನಡುವಿನದಕ್ಕೆ ಮೊದಲು ಹೇಳಿಬಿಡುತ್ತೇನೆ. ಆ ಬೆಳಕನ್ನು ಮತ್ತೆ ತರಲು ಹೋಗಬೇಡಿ. ಅದು ಕೆಟ್ಟದ್ದೆಂದಲ್ಲ, ಸುಳ್ಳೆಂದೂ ಅಲ್ಲ. ಅದು ನೀವಲ್ಲ, ಅಷ್ಟೇ. ನೀವು ಹುಡುಕಲು ಹೊರಟಿದ್ದು ನಿಮ್ಮನ್ನು. ಬೆಳಕು ನಿಮಗೆ ಕಂಡದ್ದು. ಕಂಡದ್ದು ಬೇರೆ, ಕಂಡವರು ಬೇರೆ.

ಈ ಮಾತು ಕೇಳುವುದಕ್ಕೆ ಸುಲಭ, ಒಳಗಿಳಿಯುವುದು ಕಷ್ಟ. ನನಗೂ ಮೊದಲ ಕೆಲವು ವರ್ಷ ಕೂತಾಗ ಬಲಗಿವಿಯಲ್ಲಿ ಜೇನುಹುಳ ಗುಂಯ್‌ಗುಡುವಂಥ ಸಣ್ಣ ನಾದ ಕೇಳುತ್ತಿತ್ತು. ಕೇಳಿದ ದಿನವೆಲ್ಲ ಹಬ್ಬ, ಕೇಳದ ದಿನ ಯಾರೊಡನೆಯೂ ಮಾತು ಬೇಡ. ನನಗೆ ಹೇಳಿಕೊಟ್ಟ ಹಿರಿಯರು ಒಂದು ದಿನ ಕೇಳಿದರು: ‘ನಾದ ಕೇಳಿದಾಗ ನೀನಿದ್ದೆ, ಸರಿ. ಕೇಳದಿದ್ದ ದಿನ, ಇವತ್ತು ಕೇಳಲಿಲ್ಲ ಅಂತ ಗೊತ್ತಾಯಿತಲ್ಲ, ಅದು ಯಾರಿಗೆ ಗೊತ್ತಾಯಿತು?’ ಉತ್ತರ ಹೊಳೆಯಲಿಲ್ಲ. ಅವರೂ ಹೇಳಲಿಲ್ಲ, ಎದ್ದು ಹೋದರು. ನೀವು ಪತ್ರದಲ್ಲಿ ‘ಈಗ ಅದು ನಿಂತುಹೋಗಿದೆ’ ಎಂದು ಬರೆದ ಸಾಲು ಓದಿದಾಗ ಆ ಪ್ರಶ್ನೆ ಮತ್ತೆ ನೆನಪಾಯಿತು. ನಿಂತದ್ದು ನಿಮಗೆ ಗೊತ್ತು. ಹಾಗೆ ಗೊತ್ತಿರುವ ನೀವು ನಿಂತಿಲ್ಲ.

ಮುಚ್ಚಿದ ಕಣ್ಣಿನೊಳಗೆ ಬಣ್ಣ, ಚುಕ್ಕೆ, ಬೆಳಕಿನ ಮೋಡ ಕಾಣುವುದಕ್ಕೆ ಶರೀರದಲ್ಲೇ ಕಾರಣವಿದೆ. ಹೊರಗಿನ ಬೆಳಕು ಬೀಳದಿದ್ದರೂ ಅಕ್ಷಿಪಟಲವಾಗಲಿ, ಮಿದುಳಿನಲ್ಲಿ ನೋಟಕ್ಕೆ ಮೀಸಲಾದ ಭಾಗವಾಗಲಿ ಸುಮ್ಮನಿರುವುದಿಲ್ಲ, ತಮ್ಮಷ್ಟಕ್ಕೆ ಮಿನುಗುತ್ತಿರುತ್ತವೆ. ಮನಸ್ಸು ನಾಲ್ಕು ಕಡೆ ಅಲೆಯುವಾಗ ಅದು ನಮ್ಮ ಗಮನಕ್ಕೆ ಬಾರದು, ಗಮನ ಒಂದು ಕಡೆ ನೆಲೆಯಾದಾಗ ಕಾಣುತ್ತದೆ. ಹಾಗಾಗಿ ಬೆಳಕು ಕಂಡಿತೆಂದರೆ ಅಷ್ಟರಮಟ್ಟಿಗೆ ನಿಮ್ಮ ಚಿತ್ತ ಒಟ್ಟುಗೂಡಿತ್ತು ಎಂದು ಹೇಳಬಹುದು. ಪತಂಜಲಿಗಳೂ ಅದನ್ನು ತಳ್ಳಿಹಾಕಿಲ್ಲ. ಅವರ ಯೋಗಸೂತ್ರದ ಮೊದಲ ಪಾದದ (ಅಧ್ಯಾಯದ) 36ನೇ ಸೂತ್ರ ‘ವಿಶೋಕಾ ವಾ ಜ್ಯೋತಿಷ್ಮತೀ’ ಎನ್ನುತ್ತದೆ. ದುಃಖದ ಸೋಂಕಿಲ್ಲದ, ಬೆಳಗುವ ಅನುಭವವೂ ಮನಸ್ಸನ್ನು ನೆಲೆ ನಿಲ್ಲಿಸಲು ಒಂದು ಆಸರೆ. ಅಲ್ಲಿರುವ ‘ವಾ’ ಎಂಬ ಒಂದಕ್ಷರವನ್ನು ಗಮನಿಸಿ. ‘ಅಥವಾ’ ಎಂದು ಅರ್ಥ. ಉಸಿರು ಒಂದು ಆಸರೆ, ಅಥವಾ ಬೆಳಕು, ಅಥವಾ ರಾಗವನ್ನು ಗೆದ್ದವರ ಚಿತ್ತ, ಅಥವಾ ಕನಸು ನಿದ್ದೆಗಳ ಅರಿವು, ಅಥವಾ ನಿಮಗೆ ಒಗ್ಗುವ ಬೇರೇನಾದರೂ. ಹಲವು ಊರುಗೋಲುಗಳಲ್ಲಿ ಅದೂ ಒಂದು. ಗುರಿಯ ಜಾಗದಲ್ಲಿ ಅದನ್ನು ಕೂರಿಸಿಲ್ಲ. ಮೂರನೇ ಪಾದದಲ್ಲಿ ಬಗೆಬಗೆಯ ಸಿದ್ಧಿಗಳನ್ನು ಹೇಳುತ್ತ ಹೋಗುವಾಗಲೂ ನಡುವೆ ನಿಂತು, ಹೊರಮುಖವಾದ ಮನಸ್ಸಿಗೆ ಇವು ಸಿದ್ಧಿಗಳು, ಸಮಾಧಿಗೆ ಮಾತ್ರ ಅಡ್ಡಿ ಎಂದು ಎಚ್ಚರಿಸುತ್ತಾರೆ.

ವೇದಾಂತದಲ್ಲಿ ‘ದೃಗ್ದೃಶ್ಯವಿವೇಕ’ ಎಂಬ ಪುಟ್ಟ ಪ್ರಕರಣಗ್ರಂಥವಿದೆ. ಅದರ ಮೊದಲ ಶ್ಲೋಕ ನಿಮ್ಮ ಪ್ರಶ್ನೆಗೆಂದೇ ಬರೆದಂತಿದೆ. ರೂಪ ಕಾಣುವಂಥದ್ದು, ಕಣ್ಣು ಕಾಣುವವ. ಆ ಕಣ್ಣೂ ಮನಸ್ಸಿಗೆ ಕಾಣುವಂಥದ್ದು: ಕಣ್ಣು ಮಂಜಾಗಿದೆ, ಉರಿಯುತ್ತಿದೆ ಎಂದು ಮನಸ್ಸಿಗೆ ತಿಳಿಯುತ್ತದಲ್ಲ. ಆ ಮನಸ್ಸಿನ ವೃತ್ತಿಗಳೂ, ಅಂದರೆ ಅದರಲ್ಲಿ ಏಳುವ ಅಲೆಗಳೂ, ಕಾಣುವಂಥವೇ: ಬೇಸರ ಬಂತು, ಹೋಯಿತು ಎಂದು ತಿಳಿಯುತ್ತದಲ್ಲ. ಹಾಗೆ ಅವೆಲ್ಲವನ್ನೂ ತಿಳಿಯುವ ಸಾಕ್ಷಿ ಮಾತ್ರ ಇನ್ನೊಂದಕ್ಕೆ ಕಾಣುವ ವಸ್ತುವಾಗುವುದಿಲ್ಲ. ನಿಮ್ಮ ನೀಲಿ ಬೆಳಕನ್ನು ಈ ಸಾಲಿನಲ್ಲಿಟ್ಟು ನೋಡಿ. ಅದು ಯಾವ ಕಡೆ ಬೀಳುತ್ತದೆ? ಅದರೊಡನೆ ಬಂದ ಆನಂದ? ಅದೂ ಕಾಣುವ ಕಡೆಗೇ. ಕೇನೋಪನಿಷತ್ತು ಇದನ್ನು ಇನ್ನೂ ಖಡಾಖಂಡಿತವಾಗಿ ಹೇಳುತ್ತದೆ: ಮನಸ್ಸು ಯಾವುದನ್ನು ಎಣಿಸಲಾರದೋ, ಯಾವುದರಿಂದ ಮನಸ್ಸೇ ಎಣಿಕೆಗೆ ಬರುತ್ತದೋ, ಅದೇ ಬ್ರಹ್ಮವೆಂದು ತಿಳಿ, ‘ಇದು’ ಎಂದು ಜನ ಉಪಾಸಿಸುವ ಯಾವುದೂ ಅಲ್ಲ.

ಹಾಗಾದರೆ ಆ ‘ಖಾಲಿ’? ನನಗೆ ಬೆಳಕಿಗಿಂತ ಹೆಚ್ಚು ಚಿಂತೆ ಹಚ್ಚಿದ್ದು ಅದು. ಎಷ್ಟೋ ಸಾಧಕರು ಅಲ್ಲೇ ಕೂತುಬಿಡುತ್ತಾರೆ. ಯೋಚನೆ ಇಲ್ಲ, ನೋವಿಲ್ಲ, ಅರ್ಧ ಗಂಟೆ ಹೋದದ್ದೇ ಗೊತ್ತಾಗಲಿಲ್ಲ, ಇದೇ ಸಮಾಧಿ ಎಂದುಕೊಳ್ಳುತ್ತಾರೆ. ಛಾಂದೋಗ್ಯ ಉಪನಿಷತ್ತಿನ ಎಂಟನೇ ಅಧ್ಯಾಯದಲ್ಲಿ ಇಂದ್ರನಿಗೂ ಇದೇ ಎದುರಾಗುತ್ತದೆ.

ಮುಪ್ಪಿಲ್ಲದ, ಸಾವಿಲ್ಲದ, ಶೋಕವಿಲ್ಲದ ಆತ್ಮವೊಂದಿದೆ ಎಂದು ಪ್ರಜಾಪತಿ ಹೇಳಿದ ಮಾತು ಕೇಳಿ, ದೇವತೆಗಳ ಕಡೆಯಿಂದ ಇಂದ್ರ, ಅಸುರರ ಕಡೆಯಿಂದ ವಿರೋಚನ, ಇಬ್ಬರೂ ಶಿಷ್ಯರಂತೆ ಕೈಯಲ್ಲಿ ಸಮಿತ್ತು (ಯಜ್ಞದ ಕಟ್ಟಿಗೆ) ಹಿಡಿದು ಬರುತ್ತಾರೆ. 32 ವರ್ಷ ಬ್ರಹ್ಮಚರ್ಯ. ಆಮೇಲೆ ಪ್ರಜಾಪತಿ, ನೀರಿನ ಪಾತ್ರೆಯಲ್ಲಿ ನಿಮ್ಮನ್ನು ನೋಡಿಕೊಳ್ಳಿ ಎನ್ನುತ್ತಾನೆ. ಅಡಿಯಿಂದ ಮುಡಿಯವರೆಗೆ ಪ್ರತಿಬಿಂಬ ಕಾಣುತ್ತದೆ. ವಿರೋಚನನಿಗೆ ಅಷ್ಟೇ ಸಾಕು, ದೇಹವೇ ಆತ್ಮ ಎಂದು ಸಾರಲು ಹೊರಟುಹೋಗುತ್ತಾನೆ. ಇಂದ್ರನೂ ಹೊರಡುತ್ತಾನೆ, ಆದರೆ ಅರ್ಧದಾರಿಯಲ್ಲಿ ಅವನಿಗೆ ಅನುಮಾನ: ದೇಹ ಕುರುಡಾದರೆ ಈ ಆತ್ಮವೂ ಕುರುಡಾಗಬೇಕಲ್ಲ? ತಿರುಗಿ ಬರುತ್ತಾನೆ. ಇನ್ನೂ 32 ವರ್ಷ. ಕನಸಿನಲ್ಲಿ ಸುಳಿದಾಡುವವನೇ ಆತ್ಮ ಎಂಬ ಉತ್ತರ ಸಿಗುತ್ತದೆ. ಕನಸಿನಲ್ಲೂ ಭಯ, ಅಳು ಇವೆಯಲ್ಲ ಎಂದು ಮತ್ತೆ ತಿರುಗಿ ಬರುತ್ತಾನೆ. ಮತ್ತೆ 32 ವರ್ಷ. ಈಗ ಸಿಗುವ ಉತ್ತರ, ಕನಸೂ ಇಲ್ಲದ ಗಾಢನಿದ್ದೆಯಲ್ಲಿ ಶಾಂತನಾಗಿರುವವನು. ಇಲ್ಲಿ ಯಾರಾದರೂ ಒಪ್ಪಿಬಿಡುತ್ತಿದ್ದರು. ಇಂದ್ರ ಒಪ್ಪಲಿಲ್ಲ. ‘ಅಲ್ಲಿ ನಾನಿದ್ದೇನೆ ಎಂದು ತನಗೇ ತಿಳಿಯದು, ಇದು ನಾಶವಾದಂತೆಯೇ ಆಯಿತು, ಇದರಲ್ಲಿ ನನಗೇನೂ ಹಿತ ಕಾಣದು’ ಎಂದು ನಾಲ್ಕನೇ ಸಲ ಬಂದ. ಇನ್ನೈದು ವರ್ಷ, ಒಟ್ಟು 101. ನಿಮ್ಮ ನಾಲ್ಕು ವರ್ಷವನ್ನು ಸಣ್ಣದು ಮಾಡಲು ಈ ಲೆಕ್ಕ ಹೇಳಲಿಲ್ಲ. ಖಾಲಿಯನ್ನು ಗುರಿಯೆಂದು ಒಪ್ಪದೆ ನೀವು ಪತ್ರ ಬರೆದಿರಿ. ಅದು ಇಂದ್ರ ತಿರುಗಿ ಬಂದ ಹಾಗೆಯೇ.

ನಿಮ್ಮದು ಯಾವ ಬಗೆಯ ಖಾಲಿ ಎಂದು ಪರೀಕ್ಷೆ ಮಾಡಿಕೊಳ್ಳುವುದು ಸುಲಭ. ಅಲಾರಂ ಹೊಡೆದಾಗ ಬೆಚ್ಚಿಬಿದ್ದಿರೋ, ಅಥವಾ ಅದು ಹೊಡೆಯುವುದು ಕೇಳಿಸಿತೋ? ಕುತ್ತಿಗೆ ಮುಂದಕ್ಕೆ ಬಾಗಿತ್ತೋ? ಎದ್ದ ಮೇಲೆ ಮಂಪರೋ, ಚುರುಕೋ? ಬೆಚ್ಚಿಬಿದ್ದು, ಕುತ್ತಿಗೆ ಬಾಗಿ, ಮಂಪರು ಉಳಿದಿದ್ದರೆ ಅದು ಶಾಸ್ತ್ರ ‘ಲಯ’ ಎಂದು ಕರೆಯುವ ತೂಕಡಿಕೆ. ಮಾಂಡೂಕ್ಯ ಉಪನಿಷತ್ತಿಗೆ ಶ್ಲೋಕಗಳಲ್ಲಿ ಬರೆದ ವಿವರಣೆಯಾದ ಮಾಂಡೂಕ್ಯಕಾರಿಕೆಯಲ್ಲಿ ಗೌಡಪಾದರ ಮಾತು ನೇರವಾಗಿದೆ: ಲಯಕ್ಕೆ ಜಾರಿದರೆ ಚಿತ್ತವನ್ನು ಎಬ್ಬಿಸು, ಚದುರಿದರೆ ಶಮನ ಮಾಡು, ಒಳಗಿನ ಕೊಳೆ ಅಡ್ಡ ಬಂದರೆ ಅದನ್ನು ಗುರುತಿಸು, ಸಮಸ್ಥಿತಿಗೆ ಬಂದಾಗ ಅಲುಗಿಸಬೇಡ. ಮುಂದಿನ ಕಾರಿಕೆಯಲ್ಲೇ, ಅಲ್ಲಿ ಸಿಗುವ ಸುಖವನ್ನೂ ಸವಿಯುತ್ತ ಕೂರಬೇಡ ಎನ್ನುತ್ತಾರೆ. ನಿಮ್ಮ ಹೋದ ವರ್ಷದ ಆನಂದ, ಈ ವರ್ಷದ ಸಂತೆ, ಖಾಲಿ, ಎಲ್ಲವೂ ಈ ಎರಡು ಕಾರಿಕೆಗಳಲ್ಲಿ ಬಂದುಬಿಟ್ಟವು. ನಿಮಗೆ ವಿಶೇಷವಾದ ತಪ್ಪೇನೂ ಆಗಿಲ್ಲ. ಈ ದಾರಿಯಲ್ಲಿ ಎಲ್ಲರ ಕಾಲಿಗೂ ತಾಕುವ ಕಲ್ಲುಗಳು ಇವು.

ತಪ್ಪಿದ್ದು ಒಂದೇ ಕಡೆ. ಯೋಗ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬ ಲೆಕ್ಕ ತಪ್ಪಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಯೋಗಸೂತ್ರ ತೆರೆದರೆ ಎರಡನೇ ಸೂತ್ರದಲ್ಲೇ ಯೋಗದ ಲಕ್ಷಣ ಸಿಗುತ್ತದೆ: ಚಿತ್ತದ ವೃತ್ತಿಗಳ ನಿರೋಧ. ಮೂರನೆಯದು, ಆಗ ನೋಡುವವನು ತನ್ನ ಸ್ವರೂಪದಲ್ಲಿ ನಿಲ್ಲುತ್ತಾನೆ. ನಾಲ್ಕನೆಯದು, ಉಳಿದ ಹೊತ್ತಿನಲ್ಲಿ ವೃತ್ತಿಯ ಆಕಾರವೇ ತನ್ನ ಆಕಾರ ಎಂಬಂತಿರುತ್ತಾನೆ. ಸಿಟ್ಟು ಬಂದರೆ ಸಿಟ್ಟೇ ತಾನು, ಬೇಸರ ಬಂದರೆ ಬೇಸರವೇ ತಾನು. ಈ ಮೂರು ಸೂತ್ರಗಳಲ್ಲಿ ಎಲ್ಲಿಯೂ ಹೊಸ ವಸ್ತುವೊಂದು ಕೈಗೆ ಬರುತ್ತದೆ ಎಂದಿಲ್ಲ. ಬೆರಕೆ ಬಿಟ್ಟುಹೋಗುತ್ತದೆ ಎಂದಿದೆ. ಎರಡನೇ ಪಾದದಲ್ಲಿ ಆ ಬೆರಕೆಗೆ ‘ಅಸ್ಮಿತೆ’ ಎಂಬ ಹೆಸರು: ನೋಡುವ ಶಕ್ತಿ, ನೋಟದ ಉಪಕರಣ, ಎರಡೂ ಒಂದೇ ಆದಂತೆ ತೋರುವುದು.

ಆಸನದ ಪಾಲು ಇದರಲ್ಲಿ ಎಷ್ಟು? ಒಟ್ಟು 195 ಸೂತ್ರಗಳಲ್ಲಿ (ಕೆಲವು ಪಾಠಗಳಲ್ಲಿ 196) ನೇರವಾಗಿ ಆಸನಕ್ಕೆ ಸಿಕ್ಕಿದ್ದು ಮೂರು. ಸ್ಥಿರವಾಗಿರಲಿ, ಸುಖವಾಗಿರಲಿ. ಪ್ರಯತ್ನವನ್ನು ಸಡಿಲಿಸಿ, ಅನಂತದಲ್ಲಿ ಮನಸ್ಸಿಟ್ಟು ಅದನ್ನು ಸಾಧಿಸಬೇಕು. ಆಗ ದ್ವಂದ್ವಗಳ ಪೆಟ್ಟು ತಾಗುವುದಿಲ್ಲ. ಅಷ್ಟೇ. ಹಠಯೋಗದ ದಾರಿಯನ್ನು ಬಿಡಿಸಿ ಬರೆದ ಸ್ವಾತ್ಮಾರಾಮರೂ ‘ಹಠಯೋಗಪ್ರದೀಪಿಕೆ’ಯ ಆರಂಭದಲ್ಲೇ, ಈ ವಿದ್ಯೆಯನ್ನು ಉಪದೇಶಿಸುವುದು ಕೇವಲ ರಾಜಯೋಗಕ್ಕಾಗಿ (ಮನಸ್ಸನ್ನು ಸಮಾಧಿಗೆ ಒಯ್ಯುವ ಯೋಗಕ್ಕಾಗಿ) ಎಂದುಬಿಡುತ್ತಾರೆ. ಇಂದು ಯೋಗವೆಂದರೆ ಆಸನ ಎಂಬ ಗ್ರಹಿಕೆ ಜಗತ್ತಿನಲ್ಲಿ ಬೇರೂರಲು ದೊಡ್ಡ ಕಾರಣಗಳಲ್ಲೊಂದು 1930ರ ದಶಕದಲ್ಲಿ ಮೈಸೂರಿನಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ನಡೆಸಿದ ಯೋಗಶಾಲೆ, ಅವರ ಬಳಿ ಕಲಿತ ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಮೊದಲಾದವರ ಕೆಲಸ. ಅದರಿಂದ ಲಕ್ಷಾಂತರ ಜನರಿಗೆ ಆರೋಗ್ಯ ಸಿಕ್ಕಿದೆ, ನಿಮ್ಮ ಬೆನ್ನಿಗೂ ಸಿಕ್ಕಿದೆ. ಆ ಉಪಕಾರವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ನೀವು ಕೇಳಿದ್ದು ಬೇರೆಯದನ್ನು.

ಶರಣರ ವಚನಗಳನ್ನು ಸಂವಾದವಾಗಿ ಹೆಣೆದ ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವಿಗೂ ಗೋರಕ್ಷನಿಗೂ ಭೇಟಿಯಾಗುತ್ತದೆ. ಗೋರಕ್ಷ ಸಾಧನೆಯಿಂದ ದೇಹವನ್ನು ವಜ್ರದಂತೆ ಮಾಡಿಕೊಂಡವನು. ಅವನ ಮೈಗೆ ಕತ್ತಿ ಬೀಸಿದರೆ ಖಣಿಲೆಂದು ಸದ್ದು. ಆಮೇಲೆ ಅಲ್ಲಮನ ಮೇಲೆ ಕತ್ತಿ ಬೀಸಿದರೆ ಬಯಲಲ್ಲಿ ಬೀಸಿದಂತೆ, ಏನೂ ತಾಕದೆ ಹಾದುಹೋಯಿತು. ಎಷ್ಟು ಗಟ್ಟಿಯಾದರೂ ಸದ್ದು ಮಾಡಲು ಅಲ್ಲೊಬ್ಬ ‘ನಾನು’ ಉಳಿದಿದ್ದಾನಲ್ಲ ಎಂಬುದು ಆ ಪ್ರಸಂಗದ ಒಳಮಾತು ಎಂದು ನಾನು ತಿಳಿದಿದ್ದೇನೆ. ಧ್ಯಾನವನ್ನೂ ನಾವು ವಜ್ರಕಾಯದಂತೆ ಕಟ್ಟಿಕೊಳ್ಳಬಹುದು. ‘ನಾಲ್ಕು ವರ್ಷದಿಂದ ಧ್ಯಾನ ಮಾಡುವವನು ನಾನು’ ಎಂಬುದೂ ಒಂದು ಕವಚವೇ. ಮಗಳ ಮಾತು ಅದಕ್ಕೆ ತಗಲಿದ್ದರಿಂದಲೇ ಅಷ್ಟು ಸದ್ದಾಯಿತೇ? ಇದನ್ನು ನೀವೇ ಒಳಗೆ ನೋಡಿಕೊಳ್ಳಬೇಕು.

ಯೋಗ ಮನಸ್ಸನ್ನು ಹದಗೊಳಿಸುತ್ತದೆ. ಹದವಾದ ಮನಸ್ಸಿನಲ್ಲಿ ತಿಳಿಯುವ ಕೆಲಸ ಬೇರೆಯಾಗಿ ನಡೆಯಬೇಕು. ಉಪನಿಷತ್ತಿನ ಋಷಿ ಯಾಜ್ಞವಲ್ಕ್ಯರು ಹೆಂಡತಿ ಮೈತ್ರೇಯಿಗೆ ಆತ್ಮವನ್ನು ಕಾಣಬೇಕು ಎಂದು ಹೇಳಿ ಅಲ್ಲಿಗೇ ನಿಲ್ಲಿಸಲಿಲ್ಲ. ಕೇಳಬೇಕು (ಅದು ಶ್ರವಣ), ಕೇಳಿದ್ದನ್ನು ಯೋಚಿಸಿ ಮನನ ಮಾಡಬೇಕು, ಅದರಲ್ಲೇ ಮನಸ್ಸನ್ನು ನೆಲೆ ನಿಲ್ಲಿಸುವ ನಿದಿಧ್ಯಾಸನ ಮಾಡಬೇಕು ಎಂದು ಮುಂದುವರಿಸಿದರು. ನಿಮ್ಮ ದಿನಚರಿಯಲ್ಲಿ ಶ್ರವಣವೂ ಇಲ್ಲ, ಮನನವೂ ಇಲ್ಲ. ಏನನ್ನು ಹುಡುಕುತ್ತಿದ್ದೇವೆ ಎಂಬುದೇ ತಿಳಿಯದೆ ಕಣ್ಣು ಮುಚ್ಚಿ ಕೂತರೆ, ಕಂಡದ್ದನ್ನೆಲ್ಲ ಅದೇ ಇರಬೇಕು ಎಂದುಕೊಳ್ಳುವುದು ಸಹಜ.

ಮನನಕ್ಕೆ ಒಂದು ಹಿಡಿ ಕೊಡುತ್ತೇನೆ. ಅದು ನಿಮ್ಮ ನಾಲಿಗೆಯ ಮೇಲೇ ಇದೆ. ಕನ್ನಡದಲ್ಲಿ ನಾವು ‘ನನಗೆ ಸಿಟ್ಟು ಬಂತು’ ಎನ್ನುತ್ತೇವೆ. ನನಗೆ ನಿದ್ದೆ ಬಂತು, ನನಗೆ ಹಸಿವಾಯಿತು, ನನಗೆ ಬೇಸರವಾಯಿತು, ನನಗೆ ನೆನಪಾಯಿತು, ನನಗೆ ಬೆಳಕು ಕಂಡಿತು. ಇವುಗಳಲ್ಲಿ ಒಂದಕ್ಕೂ ‘ನಾನು’ ಕರ್ತೃವಲ್ಲ. ಸಿಟ್ಟು ಬರುವುದು, ನಿದ್ದೆ ಬರುವುದು, ನೆನಪಾಗುವುದು. ಬಂದದ್ದು ಬಂದು ಮುಟ್ಟುವ ಜಾಗ ‘ನನಗೆ’. ಮಾತಿನಲ್ಲಿ ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಿದ್ದನ್ನೇ ಬದುಕಿನಲ್ಲಿ ಬೆರೆಸಿಕೊಂಡು ‘ನಾನು ಸಿಟ್ಟಿನವನು’, ‘ನಾನು ದಪ್ಪ’, ‘ನಾನು ಸೋತವನು’ ಎಂದು ಹೊರಿಸಿಕೊಳ್ಳುತ್ತೇವೆ. ಬ್ರಹ್ಮಸೂತ್ರಭಾಷ್ಯದ ಮೊದಲಲ್ಲಿ ಶಂಕರಾಚಾರ್ಯರು ಅಧ್ಯಾಸ ಎಂದು ವಿವರಿಸುವುದು ಇದನ್ನೇ. ದಪ್ಪ, ಸಣಕಲು ಎಂಬ ದೇಹದ ಗುಣಗಳನ್ನೂ, ಕುರುಡು, ಕಿವುಡು ಎಂಬ ಇಂದ್ರಿಯಗಳ ಗುಣಗಳನ್ನೂ, ಬಯಕೆ, ಸಂಶಯ ಎಂಬ ಮನಸ್ಸಿನ ಗುಣಗಳನ್ನೂ ತನ್ನ ಮೇಲೆ ಹೊರಿಸಿಕೊಳ್ಳುವುದು.

ಇನ್ನೊಂದು ದಿನಬಳಕೆಯ ಮಾತು: ‘ಒಳ್ಳೇ ನಿದ್ದೆ ಬಂತು, ಏನೂ ಗೊತ್ತಾಗಲಿಲ್ಲ.’ ಏನೂ ಗೊತ್ತಾಗದಿದ್ದರೆ ಒಳ್ಳೆಯ ನಿದ್ದೆ ಎಂದು ಹೇಳುತ್ತಿರುವುದು ಯಾರು? ಪತಂಜಲಿಗಳು ನಿದ್ದೆಯನ್ನೂ ಐದು ವೃತ್ತಿಗಳಲ್ಲಿ ಒಂದೆಂದು ಎಣಿಸಿದ್ದು ಇದೇ ಕಾರಣಕ್ಕೆ ಎಂದು ಯೋಗಸೂತ್ರದ ಹಳೆಯ ವಿವರಣೆಯಾದ ವ್ಯಾಸಭಾಷ್ಯ ಹೇಳುತ್ತದೆ. ಎದ್ದ ಮೇಲೆ ನೆನಪು ಬರಬೇಕಾದರೆ ಆಗ ಅದರ ಅನುಭವ ಇದ್ದಿರಲೇಬೇಕು.

ಈ ‘ನನಗೆ’ ಎಂಬ ಎಳೆಯನ್ನೇ ಹಿಡಿದು ಹೋದವರು ರಮಣ ಮಹರ್ಷಿಗಳು. 1896ರ ಜುಲೈ, ಮದುರೆ, ಚಿಕ್ಕಪ್ಪನ ಮನೆಯ ಮಹಡಿಯ ಕೋಣೆ. ಹದಿನಾರು ವರ್ಷದ ಹುಡುಗನಿಗೆ ಕಾಯಿಲೆಯೇನೂ ಇಲ್ಲದೆ ಇದ್ದಕ್ಕಿದ್ದಂತೆ ಸಾವಿನ ಭಯ ಆವರಿಸಿತು. ಯಾರನ್ನೂ ಕೂಗಲಿಲ್ಲ. ಹೆಣದಂತೆ ಕೈಕಾಲು ಸೆಟೆಸಿ ಮಲಗಿ, ಉಸಿರು ಬಿಗಿಹಿಡಿದು, ತುಟಿ ಮುಚ್ಚಿ ನೋಡಿದರು. ಈ ದೇಹ ಸತ್ತಿತು, ಸುಡಲು ಒಯ್ಯುತ್ತಾರೆ, ಹಾಗಾದರೆ ನಾನು ಸತ್ತೆನೇ? ಮುಂದೆ ತಿರುವಣ್ಣಾಮಲೆಯಲ್ಲಿ ಕೇಳಿದವರಿಗೆ ಅವರು ಹೇಳಿಕೊಟ್ಟದ್ದು ತೀರ ಸರಳ: ಯಾವ ಯೋಚನೆ ಎದ್ದರೂ ಅದನ್ನು ಪೂರ್ತಿ ಮಾಡಲು ಹೋಗದೆ ‘ಇದು ಯಾರಿಗೆ?’ ಎಂದು ಕೇಳು. ‘ನನಗೆ’ ಎಂದು ತೋರುತ್ತದೆ. ‘ಆ ನಾನು ಯಾರು?’ ಎಂದು ತಿರುಗಿ ನೋಡು. ಇದು ಜಪವಲ್ಲ, ಬಾಯಲ್ಲಿ ನೂರು ಸಲ ಹೇಳುವಂಥದ್ದಲ್ಲ. ಹೊರಗೆ ಹರಿಯುತ್ತಿದ್ದ ಗಮನವನ್ನು ಅದು ಹೊರಟ ಕಡೆಗೆ ತಿರುಗಿಸುವುದು. ಪದಗಳಲ್ಲಿ ಉತ್ತರ ಬಂದರೆ (‘ನಾನು ಆತ್ಮ’, ‘ನಾನು ಬ್ರಹ್ಮ’) ಅದೂ ಒಂದು ಯೋಚನೆಯೇ. ಅದು ಯಾರಿಗೆ ಬಂತು?

ವಿಜ್ಞಾನದ ಕಡೆಯಿಂದ ಒಂದು ಮಾತು ಹೇಳಬಹುದು. ನಾವು ಸುಮ್ಮನೆ ಕೂತಾಗ, ತನ್ನ ಬಗ್ಗೆಯೇ ಕತೆ ಹೆಣೆಯುವಾಗ ಚುರುಕಾಗುವ ಮಿದುಳಿನ ಜಾಲವೊಂದಿದೆ. ಬಹುಕಾಲ ಧ್ಯಾನ ಮಾಡಿದವರಲ್ಲಿ ಧ್ಯಾನದ ಹೊತ್ತು ಅದರ ಮುಖ್ಯ ಭಾಗಗಳ ಚಟುವಟಿಕೆ ತಗ್ಗಿರುವುದನ್ನು 2011ರಲ್ಲಿ ಜಡ್ಸನ್ ಬ್ರೂಯರ್ ಮತ್ತು ಸಂಗಡಿಗರು ಪ್ರಕಟಿಸಿದರು. ನನ್ನ ಮಟ್ಟಿಗೆ ಇದು ಯೋಗದ ಪಾಲಿನ ಕೆಲಸಕ್ಕೆ ಸಿಕ್ಕ ಸಾಕ್ಷ್ಯ, ‘ನಾನು, ನಾನು’ ಎಂಬ ಗದ್ದಲ ತಗ್ಗುತ್ತದೆ ಎಂಬುದಕ್ಕೆ. ಗದ್ದಲ ತಗ್ಗಿದ್ದು ಯಾರಿಗೆ ತಿಳಿಯಿತು ಎಂಬುದು ಯಂತ್ರದಲ್ಲಿ ಮೂಡುವ ಚಿತ್ರದ ವಿಷಯವಲ್ಲ.

ನಾನು ಮಾತಾಡುತ್ತಿರುವುದು ಎಲ್ಲರಲ್ಲೂ ಇರುವ ಆತ್ಮ ಒಂದೇ ಎನ್ನುವ ಅದ್ವೈತದ ನೆಲೆಯಲ್ಲಿ ನಿಂತು ಎಂಬುದನ್ನೂ ಹೇಳಬೇಕು. ಪತಂಜಲಿಗಳ ದರ್ಶನದಲ್ಲಿ ಪುರುಷರು, ಅಂದರೆ ನೋಡುವ ಆತ್ಮಗಳು, ಅನೇಕ. ಮಧ್ವಾಚಾರ್ಯರ ಮತದಲ್ಲಿ ಸಾಕ್ಷಿಯೆಂದರೆ ಜೀವಾತ್ಮನ ಸ್ವರೂಪದ್ದೇ ಆದ ಇಂದ್ರಿಯ, ಮತ್ತು ಆ ಜೀವ ಎಂದೆಂದಿಗೂ ಪರಮಾತ್ಮನ ಅಧೀನ. ಬೌದ್ಧರು ಅಲ್ಲೊಬ್ಬ ಆತ್ಮನಿದ್ದಾನೆ ಎಂಬುದನ್ನೇ ಒಪ್ಪುವುದಿಲ್ಲ. ಈ ಭೇದಗಳು ದೊಡ್ಡವು, ಓದಿ ಚಿಂತಿಸಬೇಕಾದವು. ಆದರೆ ಬಂದು ಹೋಗುವ ಅನುಭವವನ್ನು ‘ನಾನು’ ಎಂದು ಹಿಡಿದುಕೊಳ್ಳಬೇಡ ಎನ್ನುವಲ್ಲಿ ನಾಲ್ವರ ದನಿಯೂ ಕೂಡುತ್ತದೆ. ನಿಮ್ಮ ಇಂದಿನ ಹೆಜ್ಜೆಗೆ ಅಷ್ಟು ಬೆಳಕು ಸಾಕು.

ಈಗ ಸಿಟ್ಟಿನ ವಿಷಯ. ನಿಮ್ಮ ಪತ್ರದಲ್ಲಿ ಇದೇ ಅತ್ಯಂತ ಬೆಲೆಯುಳ್ಳದ್ದು ಎಂದು ನನಗನ್ನಿಸಿತು. ಸಿಟ್ಟು ಪೂರ್ತಿ ಹೋಗಿರಬೇಕಿತ್ತು, ಹೋಗಿಲ್ಲ, ಹಾಗಾಗಿ ಸಾಧನೆ ವ್ಯರ್ಥ ಎಂಬುದು ನಿಮ್ಮ ಎಣಿಕೆ. ಪತಂಜಲಿಗಳು ಹಾಗೆ ಎಣಿಸುವುದಿಲ್ಲ. ಅವಿದ್ಯೆ, ಅಸ್ಮಿತೆ, ರಾಗ, ದ್ವೇಷ, ಸಾವಿನ ಭಯ ಎಂಬ ಐದು ಕ್ಲೇಶಗಳಲ್ಲಿ ಅವಿದ್ಯೆಯೇ ಉಳಿದ ನಾಲ್ಕಕ್ಕೂ ಹೊಲ. ಅದರಲ್ಲಿ ಬೆಳೆಯುವ ಈ ನಾಲ್ಕಕ್ಕೂ ನಾಲ್ಕು ಅವಸ್ಥೆಗಳನ್ನು ಹೇಳುತ್ತಾರೆ. ಮಲಗಿರುವುದು, ತೆಳುವಾಗಿರುವುದು, ತುಂಡುತುಂಡಾಗಿ ಬಂದು ಹೋಗುವುದು, ಪೂರ್ತಿ ಹರಡಿ ನಿಂತಿರುವುದು. ಅವರು ಕ್ರಿಯಾಯೋಗ ಎಂದು ಕರೆಯುವ ಸಾಧನೆಯ ಉದ್ದೇಶವೇ ಸಮಾಧಿಗೆ ಮನಸ್ಸನ್ನು ಅಣಿಗೊಳಿಸುವುದು, ಕ್ಲೇಶಗಳನ್ನು ‘ತೆಳು’ ಮಾಡುವುದು. ‘ತನೂಕರಣ’ ಎಂಬುದು ಸೂತ್ರದ್ದೇ ಪದ. ಹಾಗಾಗಿ ಕೇಳಿಕೊಳ್ಳಬೇಕಾದದ್ದು ಸಿಟ್ಟು ಬಂತೇ ಎಂದಲ್ಲ. ಎಷ್ಟು ಹರಡಿತು, ಎಷ್ಟು ಹೊತ್ತು ನಿಂತಿತು, ಎಷ್ಟು ಬೇಗ ಗುರುತು ಸಿಕ್ಕಿತು ಎಂದು.

ಮುಂದಿನ ಸಲ ಬಂದಾಗ ಹತ್ತಿರದಿಂದ ನೋಡಿ. ಮಾತಿಗೆ ಮುಂಚೆ ಮೈ ಸುದ್ದಿ ಕೊಡುತ್ತದೆ. ಹೊಟ್ಟೆಯ ಮೇಲ್ಭಾಗ ಬಿಗಿಯುತ್ತದೆ, ಉಸಿರು ಎದೆಗೇರುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ, ಕಿವಿಯ ಬುಡ ಬಿಸಿಯಾಗುತ್ತದೆ. ಆಮೇಲೆ ಒಂದು ವಾಕ್ಯ ಮೇಲೇಳುತ್ತದೆ: ‘ನನಗೇ ಹೀಗನ್ನುವುದೇ?’ ಆ ‘ನನಗೇ’ ಎಂಬ ಒತ್ತು ಅಸ್ಮಿತೆ. ಬಿಗಿದ ಹೊಟ್ಟೆಗೂ ಆ ವಾಕ್ಯಕ್ಕೂ ನಡುವೆ ಕೂದಲೆಳೆಯಷ್ಟು ಜಾಗವಿದೆ. ನಾಲ್ಕು ವರ್ಷ ದಿನಾ ಅರ್ಧ ಗಂಟೆ ಕೂತವರಿಗೆ ಆ ಜಾಗ ಕಂಡೇ ಕಾಣುತ್ತದೆ, ಹುಡುಕಿರಲಿಲ್ಲ ಅಷ್ಟೆ. ಅಲ್ಲಿ ಒಂದು ಉಸಿರನ್ನು ಉದ್ದಕ್ಕೆ ಹೊರಗೆ ಬಿಡಿ. ಹೊರ ಉಸಿರು ಉದ್ದವಾದಾಗ ಎದೆಬಡಿತ ಇಳಿಯುತ್ತದೆ, ಅದು ಶರೀರದ ನಿಯಮ. ಸಿಟ್ಟನ್ನು ನುಂಗಬೇಡಿ, ಹೇಳಬೇಕಾದ ಮಾತಿದ್ದರೆ ಹೇಳಿ. ‘ಇದು ನನಗೆ ಬಂದದ್ದು’ ಎಂಬ ಅರಿವೊಂದು ಹಿಂದೆ ಉಳಿಯಲಿ.

‘ನಾನು ಸಾಕ್ಷಿ, ಸಿಟ್ಟು ಮನಸ್ಸಿನದು’ ಎಂಬ ಮಾತನ್ನು ಮಾತ್ರ ಮನೆಯವರ ಎದುರು ಗುರಾಣಿ ಮಾಡಿಕೊಳ್ಳಬೇಡಿ. ನೋಯಿಸಿದ್ದರೆ ಹೋಗಿ ಕ್ಷಮೆ ಕೇಳಿ. ಯಮ ನಿಯಮಗಳನ್ನು ಎಂಟು ಅಂಗಗಳಲ್ಲಿ ಮೊದಲಿಗಿಟ್ಟಿದ್ದಾರೆ, ಅಹಿಂಸೆಯನ್ನು ಅವುಗಳಲ್ಲೂ ಮೊದಲಿಗೆ. ಸಾಕ್ಷಿಭಾವದ ಹೆಸರಿನಲ್ಲಿ ಹೆಂಡತಿ ಮಕ್ಕಳ ಕಣ್ಣೀರಿಗೆ ಕಲ್ಲಾಗಿ ಕೂತವರನ್ನು ನಾನು ಕಂಡಿದ್ದೇನೆ. ಅದು ವೈರಾಗ್ಯವಲ್ಲ, ಅಸ್ಮಿತೆ ಇನ್ನೊಂದು ಬಟ್ಟೆ ತೊಟ್ಟು ಬಂದಿರುವುದು.

ದಿನಚರಿಯಲ್ಲಿ ಸಣ್ಣ ಬದಲಾವಣೆ ಸಾಕು. ಆಸನದ ಹೊತ್ತನ್ನು ಅರ್ಧ ಗಂಟೆಗೆ ಇಳಿಸಿ, ಉಳಿದ ಕಾಲು ಗಂಟೆಯನ್ನು ಶ್ರವಣ ಮನನಕ್ಕೆ ಕೊಡಿ. ಕೇನ ಅಥವಾ ಮಾಂಡೂಕ್ಯ, ಎರಡೂ ಚಿಕ್ಕವು (ಮಾಂಡೂಕ್ಯದಲ್ಲಿ ಇರುವುದು ಹನ್ನೆರಡೇ ಮಂತ್ರ), ಒಂದನ್ನು ಬಲ್ಲವರಿಂದ ಕೇಳಿ. ಸಿಗದಿದ್ದರೆ ಒಳ್ಳೆಯ ಕನ್ನಡ ವಿವರಣೆಯೊಡನೆ ದಿನಕ್ಕೆ ಒಂದೇ ಮಂತ್ರ ಓದಿ. ಕೂತ ಮೇಲೆ ಮೊದಲ ಹತ್ತು ನಿಮಿಷ ಉಸಿರಿನ ಜೊತೆಗಿರಿ, ಎಳೆಯಬೇಡಿ, ತಳ್ಳಬೇಡಿ. ಹೊರ ಉಸಿರು ಮುಗಿದು ಒಳ ಉಸಿರು ಇನ್ನೂ ಶುರುವಾಗದ ಚಿಕ್ಕ ನಿಲುಗಡೆ ಇರುತ್ತದೆ. ಅಲ್ಲಿ ಏನೂ ನಡೆಯುತ್ತಿಲ್ಲ, ಆದರೂ ನೀವಿದ್ದೀರಿ. ಅದನ್ನು ಹಿಗ್ಗಿಸಲು ಹೋಗದೆ, ಬಂದಾಗಲೆಲ್ಲ ಗುರುತಿಸಿ. ಆಮೇಲೆ ಹದಿನೈದು ನಿಮಿಷ ‘ಯಾರಿಗೆ?’ ಎಂಬ ತಿರುವು. ಸಂತೆಯೆದ್ದರೆ ಏಳಲಿ. ಮನಸ್ಸು ಎಲ್ಲೆಲ್ಲಿಗೆ ಓಡುತ್ತದೋ ಅಲ್ಲಲ್ಲಿಂದ ಮತ್ತೆ ತಂದು ನಿಲ್ಲಿಸು ಎಂದು ಗೀತೆಯ ಆರನೇ ಅಧ್ಯಾಯ ಹೇಳುತ್ತದೆ. ಓಡಬಾರದು ಎಂದು ಅಲ್ಲಿ ಹೇಳಿಲ್ಲ. ತೂಕಡಿಕೆ ಬಂದರೆ ಕಣ್ಣನ್ನು ಅರೆ ತೆರೆದು ಬೆನ್ನು ನೆಟ್ಟಗೆ ಮಾಡಿ, ತಡೆಯದಿದ್ದರೆ ಎದ್ದು ನಾಲ್ಕು ಹೆಜ್ಜೆ ನಡೆದು ಮತ್ತೆ ಕೂರಿ. ಕಡೆಯ ಐದು ನಿಮಿಷ ಏನನ್ನೂ ಮಾಡಬೇಡಿ, ಕೇಳುವುದನ್ನೂ ಬಿಡಿ.

ಒಂದು ಎಚ್ಚರಿಕೆ. ಗಂಟೆಗಟ್ಟಲೆ ಕೂರುವುದು, ಗುರುಮುಖವಿಲ್ಲದೆ ದೀರ್ಘ ಕುಂಭಕ (ಉಸಿರು ಬಿಗಿಹಿಡಿಯುವುದು), ನಿದ್ದೆ ಕಡಿತ, ಇವು ಬೇಡ. ಕೂ‌ತಾಗ ಹಳೆಯ ಆಘಾತಗಳು ಉಕ್ಕಿ ಬಂದು ಹಗಲಿಡೀ ಕಾಡಿದರೆ, ತಾನು ತನ್ನಿಂದಲೇ ದೂರವಾದಂತೆ ಹೆದರಿಕೆ ಹುಟ್ಟಿದರೆ, ಯಾರೂ ಇಲ್ಲದಾಗ ದನಿಗಳು ಕೇಳಿಸಿದರೆ, ಅದನ್ನು ಸಾಧನೆಯ ಮೆಟ್ಟಿಲೆಂದು ಸಹಿಸಿಕೊಂಡು ಕೂರಬೇಡಿ. ಧ್ಯಾನ ನಿಲ್ಲಿಸಿ ಮನೋವೈದ್ಯರನ್ನು ಕಾಣಿ. ಅದರಲ್ಲಿ ಸೋಲೇನೂ ಇಲ್ಲ. ಸಾಧನೆಗೆ ಅಡ್ಡಿಯಾಗುವ ಒಂಬತ್ತು ಅಂತರಾಯಗಳ ಪಟ್ಟಿಯಲ್ಲಿ ಪತಂಜಲಿಗಳು ಮೊದಲು ಬರೆದ ಹೆಸರೇ ವ್ಯಾಧಿ.

ಇನ್ನು ಎಷ್ಟು ವರ್ಷ ಎಂಬ ಪ್ರಶ್ನೆ. ಹತ್ತು ಜನ ಹೊಳೆ ದಾಟಿದ ಕತೆ ನೀವು ಕೇಳಿರುತ್ತೀರಿ. ದಡ ಸೇರಿ ಎಣಿಸಿದರೆ ಒಂಬತ್ತೇ ಜನ. ಎಣಿಸುವವನು ತನ್ನನ್ನು ಬಿಟ್ಟು ಎಣಿಸುತ್ತಾನೆ. ಒಬ್ಬ ಮುಳುಗಿಹೋದ ಎಂದು ತಲೆ ಚಚ್ಚಿಕೊಂಡು ಅಳುತ್ತಾರೆ. ದಾರಿಹೋಕ ಬಂದು ‘ಹತ್ತನೆಯವನು ನೀನೇ’ ಎನ್ನುತ್ತಾನೆ. ಇಷ್ಟು ಎಲ್ಲರಿಗೂ ಗೊತ್ತು. 14ನೇ ಶತಮಾನದ ವಿದ್ಯಾರಣ್ಯರು ‘ಪಂಚದಶಿ’ಯಲ್ಲಿ ಈ ಕತೆಯನ್ನು ಇನ್ನೂ ಸ್ವಲ್ಪ ಮುಂದಕ್ಕೆ ಒಯ್ಯುತ್ತಾರೆ, ನನಗೆ ಬಹಳ ಪ್ರಿಯವಾದ ಭಾಗ ಅದು. ಹತ್ತನೆಯವನು ತಾನೇ ಎಂದು ತಿಳಿದ ಕೂಡಲೇ ಅಳು ನಿಂತಿತು. ಆದರೆ ಅಳುವಾಗ ಚಚ್ಚಿಕೊಂಡ ತಲೆಯ ಗಾಯ? ಅದು ಆ ಕ್ಷಣವೇ ಮಾಯಲಿಲ್ಲ, ಮೆಲ್ಲಮೆಲ್ಲನೆ ಒಂದು ತಿಂಗಳು ಹಿಡಿಯಿತು. ತಿಳಿಯುವುದಕ್ಕೆ ವರ್ಷಗಳ ಲೆಕ್ಕ ಹಾಕಲಾಗದು. ಹತ್ತನೆಯವನು ಬರಬೇಕಾಗಿರಲಿಲ್ಲ, ಅಲ್ಲೇ ಇದ್ದ. ಗಾಯ ಮಾಯುವುದಕ್ಕೆ ಮಾತ್ರ ಕಾಲ ಬೇಕು. ನಿಮ್ಮ ಸಿಟ್ಟು ಅಂಥ ಗಾಯ. ಬಹುಕಾಲ, ಎಡೆಬಿಡದೆ, ಆದರದಿಂದ ಮಾಡಿದ ಅಭ್ಯಾಸ ಗಟ್ಟಿಯಾಗುತ್ತದೆ ಎಂಬ ಸೂತ್ರದಲ್ಲಿ ಮೊದಲೆರಡನ್ನು ನೀವು ನಾಲ್ಕು ವರ್ಷ ನಡೆಸಿದ್ದೀರಿ. ಬೆಳಕು ಬರಲಿಲ್ಲವೆಂಬ ಬೇಸರದಲ್ಲಿ ಮೂರನೆಯದು, ಆ ಆದರ, ಸ್ವಲ್ಪ ಸೊರಗಿದೆ.

ಮಗಳಿಗೆ ಸದ್ಯಕ್ಕೆ ಉತ್ತರ ಕೊಡಲು ಹೋಗಬೇಡಿ. ಆರು ತಿಂಗಳು ಕಳೆಯಲಿ. ಆಮೇಲೆ ಅವಳು ಬಿಡುವಾಗಿರುವಾಗ ಹತ್ತಿರ ಕೂರಿಸಿಕೊಂಡು, ‘ನನಗೆ ಸಿಟ್ಟು ಬಂದರೆ ಈಗ ಎಷ್ಟು ಹೊತ್ತು ಇರುತ್ತದಮ್ಮ?’ ಎಂದು ಕೇಳಿ. ನಿಮಗೆ ಕಾಣದ್ದು ಅವಳಿಗೆ ಕಂಡಿರುತ್ತದೆ. ಅವಳು ಏನು ಹೇಳಿದಳೆಂದು ನನಗೂ ಬರೆಯಿರಿ.